ಸಫಾರಿ ಬಸ್ಸು ತಿರುಗುವ ಜಾಗದ ಆಚೆ

ಭಾನುವಾರ ಸಂಜೆ ಐದೂವರೆ. ಬನ್ನೇರುಘಟ್ಟದಲ್ಲಿ 365 ನಂಬರಿನ ಬಿಎಂಟಿಸಿ ಬಸ್ಸಿಗೆ ಜನ ಮುಗಿಬಿದ್ದಿದ್ದಾರೆ. ಮಕ್ಕಳ ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಅಪ್ಪಂದಿರ ಹೆಗಲ ಮೇಲೆ ನಿದ್ದೆಗೆ ಜಾರಿದ ಕೂಸು, ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದವರ ಮುಖದಲ್ಲಿ ಗೆಲುವು. "ಸಿಂಹ ಮಲ್ಗೇ ಇತ್ತು ಕಣಮ್ಮ, ಏಳ್ಲೇ ಇಲ್ಲ" ಎಂದು ಹುಡುಗನೊಬ್ಬ ದೂರುತ್ತಿದ್ದಾನೆ. ಮೆಜೆಸ್ಟಿಕ್ ಮುಟ್ಟುವಾಗ ಎಷ್ಟು ಗಂಟೆಯಾಗುತ್ತದೋ ಎಂಬ ಲೆಕ್ಕಾಚಾರ ದೊಡ್ಡವರದು.

ಅದೇ ಹೊತ್ತಿಗೆ, ಅಲ್ಲಿಂದ ದಕ್ಷಿಣಕ್ಕೆ ರಾಗಿಹಳ್ಳಿ ಕಡೆಯ ಹೊಲಗಳಲ್ಲಿ ಇನ್ನೊಂದು ಬಗೆಯ ತಯಾರಿ ನಡೆದಿರುತ್ತದೆ. ಕಾರ್ತಿಕ ಮಾಸದ ಚಳಿ ಇಳಿಯುತ್ತಿದೆ. ರಾಗಿ ತೆನೆಗಟ್ಟಿ ನಿಂತಿದೆ. ರೈತ ಊಟ ಮುಗಿಸಿ, ಕಂಬಳಿ ಹೆಗಲಿಗೆ ಹಾಕಿ, ಟಾರ್ಚು ಹಿಡಿದು, ಒಂದು ಕಟ್ಟು ಪಟಾಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಟ್ಟಣೆ ಹತ್ತುತ್ತಾನೆ. ಪಟಾಕಿ ಇಬ್ಬನಿಗೆ ನೆನೆಯಬಾರದು. ನೆನೆದರೆ ಆ ರಾತ್ರಿಯ ಕಾವಲು ದಂಡ.

ಬಸ್ಸು ಹತ್ತಿದವರು ನೋಡಿ ಬಂದದ್ದೂ ಬನ್ನೇರುಘಟ್ಟವೇ, ಅಟ್ಟಣೆ ಹತ್ತಿದವನು ರಾತ್ರಿಯಿಡೀ ನೋಡುವುದೂ ಬನ್ನೇರುಘಟ್ಟವೇ. ಬೆಂಗಳೂರಿನ ಬಹುತೇಕರಿಗೆ ಗೊತ್ತಿರುವುದು ಮೊದಲನೆಯದು ಮಾತ್ರ. "ಬನ್ನೇರುಘಟ್ಟ ನಾಲ್ಕೈದು ಸಲ ನೋಡಿದ್ದೀನಿ" ಎಂದು ಎಷ್ಟೋ ವರ್ಷ ನಾನೂ ಹೇಳಿಕೊಂಡು ತಿರುಗಿದ್ದೇನೆ. ನೋಡಿದ್ದು ಮೃಗಾಲಯವನ್ನು. ಕಾಡನ್ನಲ್ಲ.

ಒಂದು ಹೆಸರು, ಎರಡು ಜಾಗ

ಈ ಗೊಂದಲಕ್ಕೆ ಜನರನ್ನು ದೂರುವಂತಿಲ್ಲ. ಬಸ್ಸಿನ ಬೋರ್ಡಿನಲ್ಲಿ ಬರೆದಿರುವುದು "ನ್ಯಾಷನಲ್ ಪಾರ್ಕ್" ಎಂದು. ಇಳಿದರೆ ಕಾಣುವುದು ಟಿಕೆಟ್ ಕೌಂಟರು.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಎರಡು ವರ್ಷದ ಬಳಿಕ, 1974ರಲ್ಲಿ, ಬನ್ನೇರುಘಟ್ಟದ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದರ ಉತ್ತರದ ಅಂಚಿನಲ್ಲಿ ಮೃಗಾಲಯ, ಸಫಾರಿ ಬೆಳೆದವು. 2002ರಲ್ಲಿ ಈ ಭಾಗವನ್ನು ಪ್ರತ್ಯೇಕಿಸಿ "ಬನ್ನೇರುಘಟ್ಟ ಜೈವಿಕ ಉದ್ಯಾನ" ಎಂದು ಹೆಸರಿಟ್ಟರು. ಇದರ ವಿಸ್ತೀರ್ಣ ಸುಮಾರು 732 ಹೆಕ್ಟೇರ್, ಅಂದರೆ ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಡೆಸುವುದು ಕರ್ನಾಟಕ ಮೃಗಾಲಯ ಪ್ರಾಧಿಕಾರ.

ನಾವು ದುಡ್ಡು ಕೊಟ್ಟು ನೋಡುವುದೆಲ್ಲ ಈ ಏಳು ಚದರ ಕಿಲೋಮೀಟರಿನ ಒಳಗೇ ಇದೆ. ಕಂಬಿ ಬಿಗಿದ ಬಸ್ಸಿನ ಸಫಾರಿ, 2006ರಲ್ಲಿ ತೆರೆದ ದೇಶದ ಮೊದಲ ಚಿಟ್ಟೆ ಉದ್ಯಾನ, 2024ರಲ್ಲಿ ಸೇರಿದ ಚಿರತೆ ಸಫಾರಿ. ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕುವ ಕೇಂದ್ರವೂ ಇಲ್ಲಿದೆ. ಮೂಗಿಗೆ ಹಗ್ಗ ಪೋಣಿಸಿದ ಗಾಯದ ಗುರುತು ಹೊತ್ತ ಕರಡಿಗಳಿಗೆ ಕೊನೆಗಾಲದ ಆಸರೆ ಅದು. ಕೆಟ್ಟದ್ದೇನೂ ಅಲ್ಲ, ಮಕ್ಕಳನ್ನು ಕರೆದೊಯ್ಯಲೇಬೇಕಾದ ಜಾಗ. ಆದರೆ ಇಲ್ಲಿನ ಸಿಂಹಕ್ಕೂ ಆಚೆಯ ಕಾಡಿಗೂ ಸಂಬಂಧವಿಲ್ಲ. ಹೊತ್ತುಹೊತ್ತಿಗೆ ಮಾಂಸ ಬರುತ್ತದೆ, ಕಾಯಿಲೆಯಾದರೆ ಡಾಕ್ಟರು ಬರುತ್ತಾರೆ. ಹುಡುಗ ದೂರಿದ್ದು ನಿಜವೇ. ಅದು ಏಳಬೇಕಾದ ಅಗತ್ಯವಾದರೂ ಏನಿದೆ?

ಸಫಾರಿ ಬಸ್ಸು ಸುತ್ತು ಹಾಕಿ ತಿರುಗಿ ಬರುವ ಬೇಲಿಯ ಆಚೆ ರಾಷ್ಟ್ರೀಯ ಉದ್ಯಾನ ಹಬ್ಬಿದೆ. ಅದರ ವಿಸ್ತೀರ್ಣ 260 ಚದರ ಕಿಲೋಮೀಟರಿಗೂ ತುಸು ಹೆಚ್ಚು. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಎಂಬ ನಾಲ್ಕು ವಲಯ. ಅದಕ್ಕೆ ಟಿಕೆಟ್ ಇಲ್ಲ, ಸಫಾರಿ ಇಲ್ಲ. ದಿಂಡಿಗ, ಜಾಲಾರಿ, ಬಿದಿರು, ಶ್ರೀಗಂಧ ಬೆಳೆದ ಒಣಗಾಡು, ಕುರುಚಲು, ಬಂಡೆಗುಡ್ಡ. ಆನೆ, ಚಿರತೆ, ಕರಡಿ, ಕಾಟಿ, ಕಡವೆ, ಜಿಂಕೆ, ಕಾಡುನಾಯಿ, ಮುಳ್ಳುಹಂದಿ. ರಾತ್ರಿ ಕೊಂಬೆಯ ಮೇಲೆ ಟಾರ್ಚ್ ಬಿಟ್ಟರೆ ಎರಡು ಕೆಂಡದುಂಡೆಯಂತೆ ಹೊಳೆಯುವ ಕಾಡುಪಾಪ. ಇವಕ್ಕೆ ಮಾಂಸವನ್ನೂ ಯಾರೂ ತಂದು ಹಾಕುವುದಿಲ್ಲ, ಹುಲ್ಲನ್ನೂ ತಂದು ಹಾಕುವುದಿಲ್ಲ. ಇಲ್ಲಿಂದ ಮುಂದಿನ ಕಥೆಯೆಲ್ಲ ಇವುಗಳದ್ದು.

ನಕ್ಷೆಯನ್ನು ತಲೆಕೆಳಗೆ ಹಿಡಿದರೆ

ಬೆಂಗಳೂರಿನವರಿಗೆ ಬನ್ನೇರುಘಟ್ಟ ಊರಾಚೆಯ ಒಂದು ಕೊನೆ. ಡೇರಿ ಸರ್ಕಲ್ಲಿನಿಂದ ಹೊರಟು ಐಐಎಂ, ಹುಳಿಮಾವು, ಗೊಟ್ಟಿಗೆರೆ ದಾಟಿ, ಊರಿನ ಮಧ್ಯದಿಂದ ಇಪ್ಪತ್ತೆರಡು ಕಿಲೋಮೀಟರಾಗುವ ಹೊತ್ತಿಗೆ ಸಿಗುವ ಹಸಿರು ತುದಿ.

ನಕ್ಷೆಯನ್ನು ಆನೆಯ ಕಡೆಯಿಂದ, ಅಂದರೆ ದಕ್ಷಿಣದಿಂದ ಉತ್ತರಕ್ಕೆ ಓದಿಕೊಂಡು ಬನ್ನಿ. ನೀಲಗಿರಿಯ ತಪ್ಪಲು, ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಅಲ್ಲಿಂದ ಕಾವೇರಿ ವನ್ಯಧಾಮ. ಹೊಳೆ ದಾಟಿದರೆ ಬಿಳಿಕಲ್ಲು ಕಾಡು, ಆಗ್ನೇಯಕ್ಕೆ ತಮಿಳುನಾಡಿನ ತಳಿ ಅರಣ್ಯ. ಈ ದೊಡ್ಡ ಕಾಡು ಉತ್ತರಕ್ಕೆ ಬರುಬರುತ್ತ ಸಣ್ಣಗಾಗಿ, ಕೊನೆಗೆ ಒಂದು ಬೆರಳಿನಂತೆ ಚಾಚಿಕೊಂಡು ಬೆಂಗಳೂರಿನ ಸೊಂಟಕ್ಕೆ ಬಂದು ತಾಗುತ್ತದೆ. ಆ ಬೆರಳೇ ಬನ್ನೇರುಘಟ್ಟ. ನಾವು ಊರಿನ ತುದಿ ಎಂದುಕೊಂಡಿರುವುದು ನಿಜವಾಗಿ ಒಂದು ಮಹಾ ಕಾಡಿನ ತುದಿ.

ಇದು ಬರೀ ಮಾತಿನ ಚಮತ್ಕಾರವಲ್ಲ, ಇದರಿಂದ ಲೆಕ್ಕವೇ ಬದಲಾಗುತ್ತದೆ. 260 ಚದರ ಕಿಲೋಮೀಟರಿನ ಕಾಡು ಚೌಕಾಕಾರವಾಗಿದ್ದರೆ ಅದರ ಒಂದೊಂದು ಬದಿ ಹದಿನಾರು ಕಿಲೋಮೀಟರು, ಒಟ್ಟು ಸುತ್ತಳತೆ ಅರವತ್ತನಾಲ್ಕು. ಬನ್ನೇರುಘಟ್ಟ ಚೌಕವಲ್ಲ. ಉತ್ತರ–ದಕ್ಷಿಣಕ್ಕೆ ಉದ್ದ, ಪೂರ್ವ–ಪಶ್ಚಿಮಕ್ಕೆ ಕಿರಿದು, ಅಂಚೆಲ್ಲ ಹರಿದ ಬಟ್ಟೆಯಂತೆ ಅಂಕುಡೊಂಕು. ನಡುನಡುವೆ ಹಳ್ಳಿ, ದೊಡ್ಡಿ, ತಾಂಡ, ಹೊಲ. ಹೀಗಾಗಿ ಅದರ ಅಂಚಿನ ಉದ್ದ ಆ ಅರವತ್ತನಾಲ್ಕಕ್ಕಿಂತ ಎಷ್ಟೋ ಹೆಚ್ಚು. ಕಾಡಿನೊಳಗೆ ಎಲ್ಲೇ ನಿಂತರೂ ಅಂಚು ಬಹಳ ದೂರವಿರುವುದಿಲ್ಲ. ಹಗಲು ಬಿದಿರುಮೆಳೆಯಲ್ಲಿ ನಿಂತ ಆನೆಗೆ ಸಂಜೆಯಾದರೆ ರಾಗಿ ಹೊಲ ಒಂದು ಗಂಟೆಯ ನಡಿಗೆ. ಆನೆ ಎಷ್ಟಿವೆ ಎಂಬುದಕ್ಕಿಂತ ಅಂಚು ಎಷ್ಟು ಉದ್ದವಿದೆ ಎಂಬುದೇ ಇಲ್ಲಿನ ರೈತನ ನಿದ್ದೆಗೆಡಿಸುವ ಸಂಗತಿ.

ಈ ಉದ್ದದ ಕಾಡಿಗೆ ಸೊಂಟ ಸಣ್ಣಗಾಗುವ ಜಾಗಗಳಿವೆ. ಅದರಲ್ಲೊಂದು ಕರಡಿಕಲ್ಲು–ಮಾದೇಶ್ವರ ಆನೆ ಕಾರಿಡಾರ್. ಉತ್ತರದ ಕಾಡಿಗೂ ದಕ್ಷಿಣದ ಕಾಡಿಗೂ ನಡುವೆ ಇಕ್ಕಟ್ಟಾಗಿ ಉಳಿದಿರುವ ದಾರಿ. ಕಾರಿಡಾರ್ ಎಂದರೆ ಬೇರೆ ಏನೋ ಎಂದುಕೊಳ್ಳಬೇಡಿ. ಮನೆಯ ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿ ಇದ್ದಂತೆ. ಓಣಿಯಲ್ಲಿ ಯಾರೂ ಮಲಗುವುದಿಲ್ಲ, ಊಟ ಮಾಡುವುದಿಲ್ಲ. ಆದರೆ ಅದಕ್ಕೆ ಗೋಡೆ ಕಟ್ಟಿದರೆ ಅಡುಗೆಮನೆ ಇದ್ದೂ ಇಲ್ಲದಂತೆ.

ರಾಗಿ ಹಾಲುಗಟ್ಟಿದಾಗ

ಬೆಳೆದ ಆನೆಗೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು, ನೂರು ಲೀಟರಿಗೂ ಹೆಚ್ಚು ನೀರು ಬೇಕು. ದಿನದ ಹದಿನಾರು–ಹದಿನೆಂಟು ಗಂಟೆ ಅದಕ್ಕೆ ಮೇಯುವುದೇ ಕೆಲಸ. ಕಾಡಿನ ಹುಲ್ಲು ಮಳೆಗಾಲದಲ್ಲಿ ಎಳೆಯದಾಗಿರುತ್ತದೆ, ನವೆಂಬರ್ ಹೊತ್ತಿಗೆ ಬಲಿತು ಒರಟಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಹೊಲದಲ್ಲಿ ರಾಗಿ ತೆನೆ ಹಾಲುಗಟ್ಟುತ್ತದೆ. ಕಾಡಿನಲ್ಲಿ ಇಡೀ ರಾತ್ರಿ ಅಲೆದು ಹೊಟ್ಟೆ ತುಂಬಿಸಿಕೊಳ್ಳುವ ಬದಲು ಹೊಲದಲ್ಲಿ ಎರಡು ಗಂಟೆ ನಿಂತರೆ ಸಾಕು. ಅದೂ ಪೌಷ್ಟಿಕವಾದ ಮೇವು.

ಲಂಟಾನದ ಪಾತ್ರವನ್ನೂ ಇಲ್ಲಿ ಹೇಳಬೇಕು. ಅಂದಕ್ಕೆಂದು ಪರದೇಶದಿಂದ ತಂದ ಈ ಪೊದೆ ಬನ್ನೇರುಘಟ್ಟದ ನೆಲದ ದೊಡ್ಡ ಪಾಲನ್ನು ನುಂಗಿದೆ. ಲಂಟಾನ ಹಬ್ಬಿದಲ್ಲಿ ಹುಲ್ಲು ಏಳುವುದಿಲ್ಲ. ದೂರದಿಂದ ನೋಡಿದರೆ ಕಾಡು ದಟ್ಟ ಹಸಿರು. ಒಳಗೆ ಹೋದರೆ ಆನೆಯ ಬಾಯಿಗೆ ಬೀಳುವಂಥದು ಕಡಿಮೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರು 1980ರ ದಶಕದ ಆರಂಭದಲ್ಲೇ ಕರ್ನಾಟಕ–ತಮಿಳುನಾಡು ಗಡಿಯ ಕಾಡುಗಳಲ್ಲಿ ಆನೆಗಳ ಹಿಂದೆ ತಿರುಗಿ ಒಂದು ಸಂಗತಿ ಕಂಡುಕೊಂಡಿದ್ದರು. ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ಬೆಳೆದ ಸಲಗಗಳೇ ಎಷ್ಟೋ ಪಟ್ಟು ಮುಂದು. ಕಾರಣವೂ ಸ್ಪಷ್ಟ. ಚೆನ್ನಾಗಿ ಮೇದು ಮೈ ತುಂಬಿಕೊಂಡ ಗಂಡಿಗೆ ಹೆಣ್ಣಾನೆಗಳು ಒಲಿಯುತ್ತವೆ; ಅದಕ್ಕಾಗಿ ಸಲಗಗಳು ಪಟಾಕಿ, ಬೆಂಕಿ, ತಂತಿಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತವೆ. ಮರಿಗಳನ್ನು ಕಟ್ಟಿಕೊಂಡ ಹಿಂಡಿನ ಯಜಮಾನಿ ಅಷ್ಟು ಸುಲಭಕ್ಕೆ ಆ ಜೂಜಿಗೆ ಇಳಿಯುವುದಿಲ್ಲ.

ಅಟ್ಟಣೆಯ ಮೇಲೆ ಒಂದು ರಾತ್ರಿ ಹೇಗಿರುತ್ತದೆ? ನಾಲ್ಕು ನೀಲಗಿರಿ ಕಂಬ, ಮೇಲೆ ಹಲಗೆ, ಅದರ ಮೇಲೆ ಹುಲ್ಲು, ತಲೆಯ ಮೇಲೆ ತೆಂಗಿನ ಗರಿ ಇಲ್ಲವೇ ಹಳೆಯ ಫ್ಲೆಕ್ಸು. ಕೆಳಗೆ ಕೊಳ್ಳಿ ಹೊಗೆಯಾಡುತ್ತಿರುತ್ತದೆ. ಉತ್ತರ ದಿಕ್ಕಿಗೆ ನೋಡಿದರೆ ಆಕಾಶದ ಅರ್ಧ ಕಿತ್ತಳೆ ಬಣ್ಣ, ಅದು ಬೆಂಗಳೂರಿನ ದೀಪದ ಬೆಳಕು. ದಕ್ಷಿಣಕ್ಕೆ ಕಪ್ಪು. ಆನೆ ಬರುವುದು ಮೊದಲು ಕಣ್ಣಿಗೆ ಕಾಣುವುದಿಲ್ಲ, ಆ ಗಾತ್ರದ ಪ್ರಾಣಿ ಅಷ್ಟು ಮೆತ್ತಗೆ ನಡೆಯುತ್ತದೆ ಎಂದರೆ ನೋಡದವರು ನಂಬುವುದಿಲ್ಲ. ಊರ ನಾಯಿಗಳು ಒಂದೇ ದಿಕ್ಕಿಗೆ ಬೊಗಳತೊಡಗುತ್ತವೆ. ಬಿದಿರು ಮುರಿದ ಸದ್ದು ಪಟ್ಟೆಂದು ಕೇಳುತ್ತದೆ. ಆಮೇಲೆ ರಾಗಿ ಪೈರನ್ನು ಬೇರುಸಮೇತ ಕಿತ್ತು, ಮಣ್ಣು ಉದುರಿಸಲು ಮುಂಗಾಲಿಗೆ ಬಡಿಯುವ ಸದ್ದು: ಛಟ್, ಛಟ್. ಆ ಸದ್ದು ಕೇಳಿಸಿತೆಂದರೆ ಆನೆ ಹೊಲದೊಳಗೇ ಇದೆ ಎಂದು ಅರ್ಥ. ಒಂದು ಅಟ್ಟಣೆಯಿಂದ ಕೂಗು ಹೊರಡುತ್ತದೆ. ಮುಂದಿನ ಅಟ್ಟಣೆ ಅದನ್ನು ಎತ್ತಿಕೊಳ್ಳುತ್ತದೆ. ಟಾರ್ಚುಗಳು ಒಂದೆಡೆ ಸೇರುತ್ತವೆ. ಪಟಾಕಿ, ತಗಡು, ಕೇಕೆ.

ಬೆಳಗ್ಗೆ ಊರ ಟೀ ಅಂಗಡಿಯ ಮುಂದೆ ಮಾತು ಸಣ್ಣದು. "ಏನಣ್ಣ, ರಾತ್ರಿ ಬಂದಿದ್ವಾ?" "ಬಂದಿದ್ವು ಕಣಪ್ಪ, ಐದು. ಮರಿ ಒಂದಿತ್ತು. ಕೆರೆ ತಾವ ವಸಿ ಹೊತ್ತಿದ್ದು ಅತ್ಲಾಗೆ ಹೊಂಟೋದ್ವು." ಮಳೆ ಬಂತಾ ಎಂದು ಕೇಳಿದಷ್ಟೇ ಸಲೀಸು. ಹೀಗೆ ಹೇಳಿದವನ ಮಗ ಅಷ್ಟು ಹೊತ್ತಿಗೆ ಮುಖ ತೊಳೆದು ಜಿಗಣಿಯ ಕಾರ್ಖಾನೆಯ ಮೊದಲ ಪಾಳಿಗೆ ಹೊರಟಿರುತ್ತಾನೆ. ರಾತ್ರಿ ಕಾವಲು, ಹಗಲು ಫ್ಯಾಕ್ಟರಿ. ಕೊಯ್ಲು ಮುಗಿದು ಮೆದೆ ಒಟ್ಟಿದ ಮೇಲೂ ಬಿಡುವಿಲ್ಲ, ಮೆದೆಯ ರಾಗಿಯೂ ಆನೆಗೆ ರುಚಿಯೇ.

ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ತುಳಿದ ಬೆಳೆಯ ಫೋಟೊ, ಗಾರ್ಡ್ ಬಂದು ಬರೆದುಕೊಳ್ಳುವ ಮಹಜರು ಎಲ್ಲ ಸೇರಿ ಅರ್ಜಿ. ಗುತ್ತಿಗೆಗೆ ಹೊಲ ಮಾಡುವವನ ಹೆಸರಲ್ಲಿ ಪಹಣಿ ಇರುವುದಿಲ್ಲ ಎಂಬುದು ಮೊದಲ ತೊಡಕು. ಎರಡು ತಿಂಗಳ ನಿದ್ದೆಗೆ ಯಾವ ಕಾಲಂನಲ್ಲೂ ದರ ನಮೂದಾಗಿಲ್ಲ ಎಂಬುದು ಎರಡನೆಯದು. ಹಲವರು ರಾಗಿ ಬಿಟ್ಟು ನೀಲಗಿರಿ ಹಾಕಿದರು, ಇನ್ನು ಕೆಲವರು ಹೊಲವನ್ನೇ ಮಾರಿದರು. ಕಾಡಂಚಿನಲ್ಲಿ ಫಾರ್ಮ್‌ಹೌಸ್ ಪ್ಲಾಟುಗಳು ಎದ್ದದ್ದರ ಹಿಂದೆ ಆನೆಗೆ ಸೋತ ಇಂಥ ರಾತ್ರಿಗಳೂ ಇವೆ. ಈ ಮಾತು ಪರಿಸರದ ಚರ್ಚೆಗಳಲ್ಲಿ ಅಪರೂಪಕ್ಕೆ ಬರುತ್ತದೆ.

ಕಂದಕ, ತಂತಿ, ಕಂಬಿ

ಆನೆ ಜಿಗಿಯಲಾರದು. ಇಷ್ಟೇ ಸಂಗತಿಯ ಮೇಲೆ ಆನೆ ಕಂದಕದ ವಿದ್ಯೆ ನಿಂತಿದೆ. ಸುಮಾರು ಮೂರು ಮೀಟರ್ ಅಗಲ, ಅಷ್ಟೇ ಆಳ. ಆದರೆ ಬನ್ನೇರುಘಟ್ಟದ ನೆಲದಲ್ಲಿ ಅಗೆದಲ್ಲಿ ಬಂಡೆ ಸಿಗುತ್ತದೆ. ಬಂಡೆ ಸಿಕ್ಕಲ್ಲಿ ಕಂದಕ ನಿಲ್ಲುತ್ತದೆ. ಹಳ್ಳ ಹರಿಯುವಲ್ಲಿ ಮಳೆಗೆ ದಡ ಕುಸಿಯುತ್ತದೆ. ದನ ಕಾಯುವವರು, ಸೌದೆ ತರುವವರು ದಾಟಲೆಂದು ಅಲ್ಲಲ್ಲಿ ಮಣ್ಣು ತಳ್ಳಿರುತ್ತಾರೆ. ಆನೆಗೆ ಹತ್ತು ಕಿಲೋಮೀಟರ್ ಕಂದಕದಲ್ಲಿ ಹತ್ತು ಅಡಿಯ ಸಂದು ಸಾಕು. ಮಣ್ಣನ್ನು ಮುಂಗಾಲಿಂದ ಜಗ್ಗಿ ತಾನೇ ಇಳಿಜಾರು ಮಾಡಿಕೊಳ್ಳುವುದನ್ನೂ ಅದು ಬಲ್ಲದು.

ಸೋಲಾರ್ ಬೇಲಿಯ ತಂತಿ ಕೊಡುವುದು ಕ್ಷಣಮಾತ್ರದ ಶಾಕ್, ನೋವಾಗುತ್ತದೆ, ಸಾಯುವುದಿಲ್ಲ. ದಂತಕ್ಕೆ ವಿದ್ಯುತ್ತು ಹರಿಯುವುದಿಲ್ಲ ಎಂದು ಕೆಲವು ಸಲಗಗಳು ಕಂಡುಕೊಂಡು ದಂತದಿಂದಲೇ ತಂತಿ ಎಬ್ಬಿಸುತ್ತವೆ. ಇನ್ನು ಕೆಲವು ಮರ ಬೀಳಿಸಿ ಬೇಲಿ ಮಲಗಿಸುತ್ತವೆ. ಬೇಲಿಯ ಕೆಳಗಿನ ಕಳೆ ಕಿತ್ತು, ಬ್ಯಾಟರಿ ನೋಡಿಕೊಳ್ಳುವವರು ಇದ್ದಷ್ಟು ದಿನ ಮಾತ್ರ ಅದು ಬೇಲಿ. ರೋಸಿ ಹೋಗಿ ಮನೆಯ ಕರೆಂಟನ್ನೇ ತಂತಿಗೆ ಬಿಡುವವರಿದ್ದಾರೆ. ಅದು ಅಪರಾಧ. ಅದಕ್ಕೆ ಬಲಿಯಾಗುವುದು ಆನೆಯಷ್ಟೇ ಅಲ್ಲ, ಕತ್ತಲಲ್ಲಿ ಎಮ್ಮೆ ಹುಡುಕಿಕೊಂಡು ಬಂದ ಪಕ್ಕದ ಹೊಲದವನೂ ಆಗಬಹುದು.

ಹಳೆಯ ರೈಲು ಕಂಬಿಗಳನ್ನು ನೆಟ್ಟು ಅಡ್ಡಡ್ಡ ಬಿಗಿದ ತಡೆಬೇಲಿ ಇವೆಲ್ಲಕ್ಕಿಂತ ಗಟ್ಟಿ. ಬನ್ನೇರುಘಟ್ಟದಲ್ಲೂ ಹಾಕಿದ್ದಾರೆ. ದುಬಾರಿ, ಆದರೆ ಬಾಳಿಕೆ ಬರುತ್ತದೆ. ಅದನ್ನೂ ಹತ್ತಲು ಹೋದ ಸಲಗವೊಂದು 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಕಂಬಿಯ ಮೇಲೇ ಸಿಲುಕಿ ಸತ್ತಿತು. ಆ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನೋಡಿದವರಿಗೆ ಈಗಲೂ ನೆನಪಿರಬಹುದು.

ನನ್ನ ಮಟ್ಟಿಗೆ ತಡೆಬೇಲಿಯ ಪ್ರಶ್ನೆ ಗಟ್ಟಿತನದ್ದಲ್ಲ. ಒಂದೂರಿನ ಮುಂದೆ ಬೇಲಿ ಬಂದರೆ ಆನೆ ಮುಂದಿನೂರಿಗೆ ಹೋಗುತ್ತದೆ. ಬೇಲಿ ಬೇಕು, ಹೊಲದವನಿಗೆ ನಿದ್ದೆ ಬೇಕೇ ಬೇಕು. ಆದರೆ ಎಲ್ಲಿ ಮುಚ್ಚಬೇಕು, ಎಲ್ಲಿ ತೆರೆದಿಡಬೇಕು ಎಂದು ಇಡೀ ಕಾಡಿನ ನಕ್ಷೆ ಹರಡಿಕೊಂಡು ತೀರ್ಮಾನಿಸಬೇಕಾದುದನ್ನು ನಾವು ಊರೂರಿನ ಒತ್ತಡಕ್ಕೆ ತಕ್ಕಂತೆ ತುಂಡುತುಂಡಾಗಿ ಮಾಡಿದ್ದೇವೆ. ಹಳೆಯ ದಾರಿ ಮುಚ್ಚಿದಾಗ ಆನೆ ಹೊಸ ದಾರಿ ಹುಡುಕುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ಹೊಸೂರು–ಧರ್ಮಪುರಿ ಕಡೆಯ ಹಿಂಡುಗಳು ಪೂರ್ವಕ್ಕೆ ನಡೆದು, ಬಹುಕಾಲ ಆನೆಯನ್ನೇ ಕಾಣದಿದ್ದ ಆಂಧ್ರದ ಚಿತ್ತೂರು ಸೀಮೆ ಮುಟ್ಟಿ ಅಲ್ಲೇ ನೆಲೆಸಿದವು. ಅವಕ್ಕಾಗಿಯೇ 1990ರಲ್ಲಿ ಅಲ್ಲಿ ಕೌಂಡಿನ್ಯ ಅಭಯಾರಣ್ಯ ಮಾಡಬೇಕಾಯಿತು.

ನಾಯಿಯ ಹಿಂದೆ ಬರುವ ಚಿರತೆ

ಆನೆಗೆ ರಾಗಿ ಹೇಗೋ ಚಿರತೆಗೆ ಬೀದಿನಾಯಿ ಹಾಗೆ. ಹೊಸ ಬಡಾವಣೆ ಏಳುತ್ತದೆ, ಕಸ ತೆಗೆಯುವ ವ್ಯವಸ್ಥೆ ಆಮೇಲೆ ಬರುತ್ತದೆ. ಆ ನಡುವೆ ಖಾಲಿ ಸೈಟುಗಳಲ್ಲಿ ಚೀಲಗಟ್ಟಲೆ ಕೋಳಿ ಅಂಗಡಿಯ ತ್ಯಾಜ್ಯ. ತ್ಯಾಜ್ಯಕ್ಕೆ ನಾಯಿ, ನಾಯಿಗೆ ಚಿರತೆ. ಜಿಂಕೆಯನ್ನು ಬೆನ್ನಟ್ಟುವ ಶ್ರಮವಿಲ್ಲದೆ ಸಿಗುವ ಊಟ.

ಹೊಳೆಮತ್ತಿ ನೇಚರ್ ಫೌಂಡೇಶನ್ 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಬೆಂಗಳೂರಿನ ಸುತ್ತಲ ಕಾಡು–ಕುರುಚಲಿನಲ್ಲಿ 80ರಿಂದ 85 ಚಿರತೆಗಳಿವೆ. ಬನ್ನೇರುಘಟ್ಟ ಅವುಗಳ ದೊಡ್ಡ ನೆಲೆ. ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್‌ನಂಥ ಕಾಡಿನ ಚೂರುಗಳಲ್ಲೂ ಅವು ಸುಳಿಯುತ್ತವೆ. ಕಾವಲ್ ಎಂದರೆ ಹಿಂದೆ ದನ ಮೇಯಿಸಲು ಕಾದಿರಿಸಿದ ಹುಲ್ಲುಗಾವಲು. ಹೆಸರು ಉಳಿದಿದೆ, ದನ ಇಲ್ಲ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಚ್ ಮತ್ತು ನಟಿ ದೇವಿಕಾ ರಾಣಿ ಬಾಳಿದ 468 ಎಕರೆಯ ಎಸ್ಟೇಟೂ ಇಂಥದೇ ಒಂದು ಹಸಿರು ಮೆಟ್ಟಿಲು, ಅಲ್ಲಿಗೆ ಆನೆಯೂ ಬಂದು ಹೋಗುತ್ತದೆ.

ಚಿರತೆ ಕಂಡಿತು ಎಂದ ಕೂಡಲೇ ನಾವು ಕೇಳುವುದು "ಬೋನು ಇಡಿ, ಹಿಡಿದು ಕಾಡಿಗೆ ಬಿಡಿ" ಎಂದು. ಕೇಳಲು ಸರಿಯಾಗಿಯೇ ಇದೆ. ಆದರೆ ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಹೀಗೆ ಹಿಡಿದು ಬೇರೆಡೆ ಬಿಟ್ಟಾಗ ಏನಾಯಿತೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಬಿಟ್ಟ ಜಾಗದ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿತು. ಗೊತ್ತಿಲ್ಲದ ನೆಲದಲ್ಲಿ ಬಿಟ್ಟ ಚಿರತೆ ತನ್ನ ಜಾಗಕ್ಕೆ ಮರಳಲು ಊರೂರು ದಾಟಿ ನಡೆಯುತ್ತದೆ, ಇತ್ತ ಅದು ತೆರವು ಮಾಡಿದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಜನಜಂಗುಳಿ. 2023ರ ಅಕ್ಟೋಬರ್ ಕೊನೆಯಲ್ಲಿ ಕೂಡ್ಲು ಗೇಟ್ ಬಳಿ ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲಿ ಚಿರತೆ ಕಂಡಿತು. ನವೆಂಬರ್ 1ರಂದು ಸೆರೆ ಕಾರ್ಯಾಚರಣೆಯಲ್ಲಿ ಅದು ಸತ್ತಿತು. ನಾಲ್ಕು ದಿನ ಊರಿಡೀ ಮೊಬೈಲಿನಲ್ಲಿ ಅದರದೇ ವಿಡಿಯೊ. ರಾತ್ರಿ ಬಂದು ಬೆಳಗಾಗುವ ಮುನ್ನ ಬಂದ ದಾರಿಯಲ್ಲೇ ಮರಳುವ ಪ್ರಾಣಿಗೆ ಆ ದಾರಿಯನ್ನೇ ಜನ ಮುಚ್ಚಿಬಿಟ್ಟರೆ ಅದು ಮೂಲೆ ಸೇರುತ್ತದೆ. ಮೂಲೆಗೆ ಸಿಕ್ಕಿದ ಬೆಕ್ಕು ಏನು ಮಾಡುತ್ತದೆಂದು ಹಳ್ಳಿಯ ಮಕ್ಕಳಿಗೂ ಗೊತ್ತು.

268 ಎಂಬುದು 168 ಆದದ್ದು

1971ರ ಜನಗಣತಿಯಲ್ಲಿ ಬೆಂಗಳೂರಿನಲ್ಲಿದ್ದವರು ಸುಮಾರು 16.5 ಲಕ್ಷ. 2011ರಲ್ಲಿ 85 ಲಕ್ಷ. ಉದ್ಯಾನ ಘೋಷಣೆಯಾದಾಗ ಬನ್ನೇರುಘಟ್ಟ ಪಿಕ್ನಿಕ್ಕಿಗೆ ಬುತ್ತಿ ಕಟ್ಟಿಕೊಂಡು ಹೋಗುವ ದೂರದ ಊರು. ಈಗ ಆ ರಸ್ತೆಯಲ್ಲಿ ಊರಿಗೂ ಕಾಡಿಗೂ ನಡುವೆ ಉಸಿರಾಡಲು ಜಾಗವಿಲ್ಲ.

ಆ ಉಸಿರಾಟದ ಜಾಗಕ್ಕೆ ಕಾನೂನಿನಲ್ಲಿ ಒಂದು ಹೆಸರಿದೆ: ಪರಿಸರ ಸೂಕ್ಷ್ಮ ವಲಯ. ಕಾಡಿನ ಸುತ್ತ ಒಂದು ಪಟ್ಟಿ ಗುರುತಿಸಿ ಅಲ್ಲಿ ಕಲ್ಲು ಗಣಿಗಾರಿಕೆ, ಕ್ರಷರ್, ಮಾಲಿನ್ಯ ಉಗುಳುವ ಕಾರ್ಖಾನೆಗಳನ್ನು ನಿಷೇಧಿಸುವುದು. ಹೋಟೆಲು–ರೆಸಾರ್ಟು–ಬಡಾವಣೆಗಳಿಗೆ ಕಡಿವಾಣ ಹಾಕುವುದು. "ವಲಯ ಬಂದರೆ ನಮ್ಮ ಜಮೀನು ಹೋಯಿತು" ಎಂಬ ಭಯ ಹಳ್ಳಿಗಳಲ್ಲಿ ವ್ಯಾಪಕವಾಗಿದೆ, ಅದನ್ನು ಹಬ್ಬಿಸಿದವರೂ ಇದ್ದಾರೆ. ಜಮೀನು ರೈತನದಾಗಿಯೇ ಇರುತ್ತದೆ, ಉಳುಮೆಗೆ ಅಡ್ಡಿಯಿಲ್ಲ, ಹಟ್ಟಿಯಲ್ಲಿ ಎಮ್ಮೆ ಕಟ್ಟಲು ಯಾರ ಅಪ್ಪಣೆಯೂ ಬೇಡ. ತೊಂದರೆಯಾಗುವುದು ಜಲ್ಲಿ ಒಡೆಯುವವರಿಗೆ ಮತ್ತು ಸೈಟು ಹಂಚುವವರಿಗೆ.

ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಬನ್ನೇರುಘಟ್ಟದ ಈ ವಲಯ 268.96 ಚದರ ಕಿಲೋಮೀಟರ್ ಇತ್ತು, ಕೆಲವೆಡೆ ನಾಲ್ಕೂವರೆ ಕಿಲೋಮೀಟರ್ ಅಗಲ. 2018ರ ಹೊಸ ಕರಡಿನಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಕಾಗದದ ಮೇಲೇ ಕರಗಿತು. ನಾಗರಿಕರ ಆಕ್ಷೇಪಣೆಗಳ ನಡುವೆಯೇ 2020ರ ಮಾರ್ಚ್‌ನಲ್ಲಿ ಆ ಸಣ್ಣ ಅಂಕಿಯೇ ಅಂತಿಮವಾಯಿತು. ಅಗಲ ಹೆಚ್ಚೆಂದರೆ ಒಂದು ಕಿಲೋಮೀಟರ್. ಬೆಂಗಳೂರಿನ ಕಡೆಗೆ, ಅಂದರೆ ಒತ್ತಡ ಅತಿ ಹೆಚ್ಚಿರುವ ಕಡೆಗೆ, ನೂರು ಮೀಟರ್. ನೂರು ಮೀಟರ್ ಎಂದರೆ ಎಳೆಯ ಹುಡುಗನೂ ಅರ್ಧ ನಿಮಿಷದಲ್ಲಿ ಓಡಿ ಮುಗಿಸುವ ದೂರ.

ರಾಷ್ಟ್ರೀಯ ಉದ್ಯಾನಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಇಂಥ ವಲಯ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಹೇಳಿದಾಗ ಒಂದು ಆಸೆ ಹುಟ್ಟಿತ್ತು. ಅಧಿಸೂಚನೆ ಆಗಿರುವ ಕಡೆಗಳಿಗೆ ಅದು ಅನ್ವಯಿಸದು ಎಂದು ಮುಂದಿನ ಏಪ್ರಿಲ್‌ನಲ್ಲಿ ಕೋರ್ಟೇ ಆದೇಶ ತಿದ್ದಿತು. ಬನ್ನೇರುಘಟ್ಟದ ನೂರು ಮೀಟರ್ ನೂರಾಗಿಯೇ ಉಳಿಯಿತು.

ಎರಡೂ ಕಡೆ ಬೆಂಗಳೂರು

ಈ ಕಾಡಿನ ಒಂದು ಪಕ್ಕ ಆನೇಕಲ್ ತಾಲ್ಲೂಕು, ಅದು ಬೆಂಗಳೂರು ನಗರ ಜಿಲ್ಲೆ. ಇನ್ನೊಂದು ಪಕ್ಕ ಹಾರೋಹಳ್ಳಿ, ಕನಕಪುರ. ರಾಮನಗರ ಜಿಲ್ಲೆಗೆ ಸೇರಿದ್ದ ಆ ಊರುಗಳೂ 2025ರಲ್ಲಿ ಜಿಲ್ಲೆಯ ಹೆಸರು ಬದಲಾದಾಗ "ಬೆಂಗಳೂರು ದಕ್ಷಿಣ"ವಾದವು. ಅಲ್ಲಿಗೆ ಕಾಡಿನ ಎಡಕ್ಕೂ ಬೆಂಗಳೂರು, ಬಲಕ್ಕೂ ಬೆಂಗಳೂರು. ಹೆಸರು ಬರೀ ಹೆಸರಲ್ಲ. ಬೆಂಗಳೂರು ಎಂಬ ಹಣೆಪಟ್ಟಿ ಅಂಟಿದ ನೆಲದ ಎಕರೆ ಬೆಲೆ ಏನಾಗುತ್ತದೆಂದು ಬ್ರೋಕರುಗಳನ್ನು ಕೇಳಿ. ಬೆಂಗಳೂರಿನ ಸುತ್ತ ಉಪನಗರಗಳನ್ನು ಜೋಡಿಸುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯೂ ಈ ಕಾಡಿನ ಬಳಿಯೇ ಹಾಯಬೇಕು ಎಂಬುದು ವಿವಾದವಾಗಿದೆ. ಆನೆಗೆ ಕೆಳಗೆ ದಾರಿ ಬಿಟ್ಟು ಮೇಲ್ಸೇತುವೆ ಕಟ್ಟಿದರೆ ಆಯಿತಲ್ಲ ಎನ್ನುತ್ತಾರೆ. ಸೇತುವೆಯ ಕೆಳಗೆ ಆನೆ ನಡೆದೀತು. ರಸ್ತೆಯ ಇಕ್ಕೆಲಗಳಲ್ಲಿ ಏಳುವ ಡಾಬಾ, ಪೆಟ್ರೋಲ್ ಬಂಕು, ಬಡಾವಣೆಗಳ ಕೆಳಗೆ ನಡೆಯಲಾರದು.

ಉತ್ತರದ ಈ ತುದಿಗೂ ದಕ್ಷಿಣದ ಕಾಡಿಗೂ ಇರುವ ಇಕ್ಕಟ್ಟಿನ ದಾರಿಗಳು ಮುಚ್ಚಿದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಎಂಬುದು ಟಿಕೆಟ್ ಇಲ್ಲದ ಇನ್ನೊಂದು ಮೃಗಾಲಯವಾಗುತ್ತದೆ, ಸ್ವಲ್ಪ ದೊಡ್ಡದು ಅಷ್ಟೇ.

"ಫಾರೆಸ್ಟ್ ವ್ಯೂ" ಎಂದು ಫ್ಲೆಕ್ಸು ಹಾಕಿದ ಬಡಾವಣೆಯಲ್ಲಿ ಸೈಟು ನೋಡುತ್ತಿದ್ದೀರಾದರೆ ಮುಂಗಡ ಕೊಡುವ ಮುಂಚೆ ಒಂದು ಕೆಲಸ ಮಾಡಿ. 2020ರ ಅಧಿಸೂಚನೆಯ ಕೊನೆಯಲ್ಲಿ ಸೂಕ್ಷ್ಮ ವಲಯದ ಹಳ್ಳಿಗಳ ಪಟ್ಟಿಯೂ ನಕ್ಷೆಯೂ ಇದೆ. ಆ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಆಮೇಲೆ ಊರೊಳಗೆ ಹೋಗಿ, ಟೀ ಅಂಗಡಿಯ ಮುಂದೆ ಕೂತ ಹಿರಿಯರೊಬ್ಬರನ್ನು ಆನೆ ಯಾವ ಕಡೆಯಿಂದ ಬರುತ್ತದೆಂದು ವಿಚಾರಿಸಿ. ಅವರು ಕೈಯೆತ್ತಿ ತೋರಿಸುವ ದಿಕ್ಕಿನಲ್ಲಿ ನಿಮ್ಮ ಸೈಟು ಇದ್ದರೆ, ಅದನ್ನು ಕೊಳ್ಳಬೇಡಿ.